ಹನ್ನೆರಡು ರಾಜರು, ಅರವತ್ತು ದ್ರವ್ಯಪ್ರಕೃತಿಗಳು: ಕೌಟಿಲ್ಯನ ಮಂಡಲ ವಿಚಾರದ ಒಂದು ವಿಮರ್ಶೆ

೧

ಕೌಟಿಲ್ಯನ ಅರ್ಥಶಾಸ್ತ್ರವು ಆಧುನಿಕ ಜಗತ್ತಿಗೆ ಮರಳಿ ದೊರೆತದ್ದು ಮೈಸೂರಿನಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಪ್ರತಿಯೊಂದನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ವಿದ್ವಲ್ಲೋಕದ ಗಮನಕ್ಕೆ ತಂದರು. ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅಂದಿನಿಂದ ಈ ಗ್ರಂಥವು ನಮ್ಮ ಕಾಲೇಜುಗಳ ರಾಜ್ಯಶಾಸ್ತ್ರ ಮತ್ತು ಇತಿಹಾಸ ತರಗತಿಗಳಲ್ಲಿ ನೆಲೆಯೂರಿದೆ. ಹೀಗಿದ್ದೂ ಅದರ ಒಂದು ಮುಖ್ಯ ಭಾಗವನ್ನು ನಾವು ಅರ್ಧವಾಗಿಯೇ ಓದುತ್ತ ಬಂದಿದ್ದೇವೆಂದು ಹೇಳಬೇಕಾಗಿದೆ. ಆ ಭಾಗವೇ ಮಂಡಲ ವಿಚಾರ.

ತರಗತಿಯಲ್ಲಿ ಈ ವಿಷಯವನ್ನು ಹೇಳಿಕೊಡುವ ಕ್ರಮ ಅಧ್ಯಾಪಕರಿಗೆಲ್ಲ ಪರಿಚಿತವಾದುದೇ. ಕರಿಹಲಗೆಯ ಮೇಲೆ ಒಂದರ ಸುತ್ತ ಒಂದರಂತೆ ವೃತ್ತಗಳನ್ನು ಬರೆಯುತ್ತೇವೆ. ನಡುವೆ ವಿಜಿಗೀಷು; ಅವನ ಪಕ್ಕದವನು ಅರಿ; ಅರಿಯ ಆಚೆಯವನು ಮಿತ್ರ; ಅವನಾಚೆಗೆ ಅರಿಮಿತ್ರ, ಮಿತ್ರಮಿತ್ರ, ಅರಿಮಿತ್ರಮಿತ್ರ; ಬೆನ್ನ ಹಿಂದೆ ಪಾರ್ಷ್ಣಿಗ್ರಾಹ, ಆಕ್ರಂದ ಮತ್ತು ಅವರವರ ಬೆಂಬಲಿಗರು; ಇವರಲ್ಲದೆ ಮಧ್ಯಮ ಮತ್ತು ಉದಾಸೀನ. ಹೀಗೆ ಹನ್ನೆರಡು ರಾಜರ ಹೆಸರು ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ದೊರೆಯುತ್ತದೆ. ನೆರೆಯವನು ಶತ್ರು, ಶತ್ರುವಿನ ಶತ್ರು ಮಿತ್ರ ಎಂಬುದೇ ಇದರ ಸಾರವೆಂದು ಅವನು ತಿಳಿದು ಹೊರಗೆ ಹೋಗುತ್ತಾನೆ. ಮುಂದೆ ವೃತ್ತಪತ್ರಿಕೆಗಳಲ್ಲಿ ರಾಷ್ಟ್ರಗಳ ಸ್ನೇಹ ವೈರಗಳ ಸುದ್ದಿಯನ್ನು ಓದಿದಾಗಲೆಲ್ಲ ಅವನು ಕೈಗೆತ್ತಿಕೊಳ್ಳುವುದು ಈ ಸೂತ್ರವನ್ನೇ.

ಈ ಓದು ತಪ್ಪೆಂದಲ್ಲ, ಅರೆಯಾದುದೆಂದು ನಮ್ಮ ಅಭಿಪ್ರಾಯ. ಅರೆಯಾದ ಓದಿನಿಂದ ಒಂದು ದೊಡ್ಡ ಗ್ರಂಥವು ಜಾಣತನದ ಕೈಪಿಡಿಯಾಗಿ ಇಳಿದುಹೋಗಿದೆ. ರಾಷ್ಟ್ರದ ಬಲವೆಂದರೇನು, ಮೈತ್ರಿಗಳು ಏಕೆ ಹುಟ್ಟಿ ಏಕೆ ಅಳಿಯುತ್ತವೆ ಎಂಬ ಪ್ರಶ್ನೆಗೆ ಕೌಟಿಲ್ಯನು ಕೊಡುವ ಉತ್ತರವು ಆ ವೃತ್ತಗಳಲ್ಲಿ ಇಲ್ಲ. ಅದೆಲ್ಲಿದೆಯೆಂಬುದನ್ನು ಗುರುತಿಸುವುದು, ನಮ್ಮ ಕಾಲದ ಕೆಲವು ಪ್ರಸಂಗಗಳಿಗೆ ಒಡ್ಡಿ ಅದನ್ನು ಪರೀಕ್ಷಿಸುವುದು, ಅದು ಸಾಲದೆ ಹೋಗುವ ಸ್ಥಳವನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಗ್ರಂಥದ ಲೆಕ್ಕವನ್ನೇ ನೋಡೋಣ. ಆರನೆಯ ಅಧಿಕರಣದಲ್ಲಿ ಹನ್ನೆರಡು ರಾಜಪ್ರಕೃತಿಗಳನ್ನು ಹೇಳಿದ ಮೇಲೆ ಕೌಟಿಲ್ಯನು ಅಲ್ಲಿಗೆ ನಿಲ್ಲಿಸುವುದಿಲ್ಲ. ಆ ಹನ್ನೆರಡು ರಾಜರಲ್ಲಿ ಒಬ್ಬೊಬ್ಬನಿಗೂ ಅಮಾತ್ಯ, ಜನಪದ, ದುರ್ಗ, ಕೋಶ, ದಂಡ ಎಂಬ ಐದೈದು ದ್ರವ್ಯಪ್ರಕೃತಿಗಳುಂಟು. ಇವು ಒಟ್ಟು ಅರವತ್ತು. ರಾಜರೂ ಸೇರಿ ಮಂಡಲದ ಘಟಕಗಳು ಎಪ್ಪತ್ತೆರಡು. ಎಂದರೆ ನಾವು ಹಲಗೆಯ ಮೇಲೆ ಬರೆಯುವುದು ಎಪ್ಪತ್ತೆರಡರಲ್ಲಿ ಹನ್ನೆರಡನ್ನು ಮಾತ್ರ. ಉಳಿದ ಅರವತ್ತು, ಆಡಳಿತ, ನೆಲ ಜನ, ಕೋಟೆ, ಬೊಕ್ಕಸ, ಸೈನ್ಯ, ನಮ್ಮ ಚಿತ್ರದಿಂದ ಬಿಟ್ಟುಹೋಗಿವೆ. ಇದೇ ಅಧಿಕರಣದ ಮೊದಲ ಅಧ್ಯಾಯವು ಪೂರ್ಣವಾಗಿ ಈ ಪ್ರಕೃತಿಗಳ ಗುಣಸಂಪತ್ತಿನ ವರ್ಣನೆಗೇ ಮೀಸಲಾಗಿದೆಯೆಂಬುದನ್ನೂ ಗಮನಿಸಬೇಕು. ಮಂಡಲದ ಯೋನಿ, ಎಂದರೆ ಹುಟ್ಟುನೆಲೆ, ಎಂಬ ಹೆಸರಿನ ಅಧಿಕರಣವು ಗಡಿಗಳಿಂದ ಮೊದಲಾಗುವುದಿಲ್ಲ, ಸಂಪತ್ತಿನಿಂದ ಮೊದಲಾಗುತ್ತದೆ.

ಏಳನೆಯ ಅಧಿಕರಣದಲ್ಲಿ ಷಾಡ್ಗುಣ್ಯದ ವಿಚಾರ ಬರುತ್ತದೆ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ನೀತಿಗಳಲ್ಲಿ ಯಾವುದನ್ನು ಯಾವಾಗ ಹಿಡಿಯಬೇಕೆಂಬ ಪ್ರಶ್ನೆಗೆ ಕೌಟಿಲ್ಯನ ಉತ್ತರದಲ್ಲಿ ಎದುರಾಳಿಯು ಎಲ್ಲಿದ್ದಾನೆಂಬುದು ಮುಖ್ಯವಾಗಿ ಬರುವುದೇ ಇಲ್ಲ. ಅವನಿಗಿಂತ ನಾವು ಇಳಿಯುತ್ತಿದ್ದೇವೆಯೇ, ಏರುತ್ತಿದ್ದೇವೆಯೇ, ಇದ್ದಲ್ಲಿಯೇ ಇದ್ದೇವೆಯೇ ಎಂಬುದೇ ಅಲ್ಲಿಯ ಪ್ರಶ್ನೆ. ಕ್ಷಯ, ಸ್ಥಾನ, ವೃದ್ಧಿ ಎಂಬ ಈ ಮೂರು ಸ್ಥಿತಿಗಳು ನೀತಿಯನ್ನು ನಿಶ್ಚಯಿಸುತ್ತವೆ. ಇಳಿಯುತ್ತಿರುವವನು ಸಂಧಿಯನ್ನು ಬಯಸಬೇಕು; ಏರುತ್ತಿರುವವನು ವಿಗ್ರಹಕ್ಕೆ ನಿಲ್ಲಬಹುದು; ತೀರ ಬಲಹೀನನಾದವನು ಪರರ ಆಶ್ರಯವನ್ನು ಅರಸಬೇಕು. ಏರುವುದು ಇಳಿಯುವುದೆಂದರೇನು ಎಂಬುದನ್ನೂ ಅವನು ಬಿಡಿಸಿ ಹೇಳುತ್ತಾನೆ. ದುರ್ಗಗಳು, ನೀರಾವರಿಯ ಸೇತುಗಳು, ವಣಿಕ್ಪಥಗಳು, ಬರಿದಾದ ನೆಲದಲ್ಲಿ ಹೊಸ ನೆಲೆಗಳನ್ನು ಹೂಡುವುದು, ಗಣಿಗಳು, ಮರಮುಟ್ಟಿನ ಕಾಡುಗಳು, ಆನೆಯ ಕಾಡುಗಳು: ಇಂಥ ಕೆಲಸಗಳನ್ನು ನಡೆಸಲು ಯಾವ ನೀತಿಯಿಂದ ಅನುಕೂಲವೋ, ಪರನ ಇಂಥ ಕೆಲಸಗಳಿಗೆ ಯಾವುದರಿಂದ ಅಡ್ಡಿಯೋ, ಅದನ್ನು ಹಿಡಿಯಬೇಕು. ಇದು ಕಾದಾಟದ ಶಾಸ್ತ್ರವಾಗುವುದಕ್ಕೆ ಮೊದಲು ಬೆಳವಣಿಗೆಯ ಶಾಸ್ತ್ರ. ಸಂಧಿ ವಿಗ್ರಹಗಳೆರಡರಿಂದಲೂ ಸಮನಾದ ಫಲ ದೊರೆಯುವಂತಿದ್ದರೆ ಸಂಧಿಯನ್ನೇ ಆರಿಸಬೇಕೆಂದು ಮುಂದಿನ ಅಧ್ಯಾಯದಲ್ಲಿ ಹೇಳಿ, ಯುದ್ಧದಲ್ಲಿ ಜನನಷ್ಟ, ವೆಚ್ಚ, ಪರದೇಶವಾಸ, ವಿಘ್ನಗಳು ಉಂಟೆಂದು ಅವನು ಕಾರಣ ಕೊಡುತ್ತಾನೆ. ಕಾರಣವೂ ಲೆಕ್ಕದ ಕಾರಣವೇ.

ಮಿತ್ರನ ಸ್ಥಾನವೇನೆಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ರಾಜ್ಯದ ಏಳು ಅಂಗಗಳಲ್ಲಿ ಮಿತ್ರನು ಕೊನೆಯವನು. ಎಂಟನೆಯ ಅಧಿಕರಣದಲ್ಲಿ ಯಾವ ಅಂಗಕ್ಕೆ ಬಂದ ಕೇಡು ಹೆಚ್ಚು ಘೋರವೆಂಬ ಚರ್ಚೆ ನಡೆಯುತ್ತದೆ. ಅಲ್ಲಿ ವಾತವ್ಯಾಧಿಯೆಂಬ ಆಚಾರ್ಯನು ಸೈನ್ಯಕ್ಕಿಂತ ಮಿತ್ರನ ಕೇಡು ದೊಡ್ಡದೆನ್ನುತ್ತಾನೆ. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ದಂಡವುಳ್ಳವನಿಗೆ ಮಿತ್ರನು ಮಿತ್ರನಾಗಿಯೇ ಉಳಿಯುತ್ತಾನೆ, ಶತ್ರುವೂ ಮಿತ್ರನಾಗುತ್ತಾನೆ ಎಂಬುದು ಅವನ ವಾದ. ಆ ದಂಡಕ್ಕೆ ಬೇರು ಕೋಶವೆಂದೂ, ದುರ್ಗ ಕೋಶ ದಂಡ ಮೊದಲಾದ ಎಲ್ಲಕ್ಕೂ ಬೇರು ಜನಪದವೆಂದೂ ಅದೇ ಚರ್ಚೆಯಲ್ಲಿ ಅವನು ಹೇಳುತ್ತಾನೆ. ಏಳನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯದಲ್ಲಿ ಇದೇ ಮಾತು ಬೇರೊಂದು ರೂಪದಲ್ಲಿ ಬರುತ್ತದೆ. ಮಿತ್ರ, ಹಿರಣ್ಯ, ಭೂಮಿ ಎಂಬ ಮೂರು ಲಾಭಗಳಲ್ಲಿ ಮುಂದುಮುಂದಿನದು ಮೇಲು. ಭೂಮಿಯಿಂದ ಹೊನ್ನೂ ಮಿತ್ರನೂ ದೊರೆಯುತ್ತಾರೆ, ಹೊನ್ನಿನಿಂದ ಮಿತ್ರನು ದೊರೆಯುತ್ತಾನೆ. ಮಿತ್ರನ ಲಕ್ಷಣವೇ ಉಪಕಾರವೆಂದೂ ಅಲ್ಲಿಯೇ ಹೇಳಿದೆ. ಹಾಗಾದರೆ ಮೈತ್ರಿಯೆಂಬುದು ಬಲದ ಮೂಲವಲ್ಲ, ಬಲದ ಫಲ. ವೃತ್ತಗಳ ಚಿತ್ರವು ಇದನ್ನು ತಲೆಕೆಳಗು ಮಾಡಿ, ಮಿತ್ರನನ್ನು ಸರಿಯಾದ ಸ್ಥಾನದಲ್ಲಿ ಗುರುತಿಸಿದರೆ ಬಲ ತಾನಾಗಿ ಬರುತ್ತದೆಂಬ ಭ್ರಮೆಯನ್ನು ಹುಟ್ಟಿಸುತ್ತದೆ.

೩

ಈ ನಮ್ಮ ಓದಿಗೆ ಕೆಲವು ಆಕ್ಷೇಪಣೆಗಳು ಬರಬಹುದು. ನೆರೆಯವನು ಅರಿಯೆಂದು ಗ್ರಂಥದಲ್ಲಿಯೇ ಸ್ಪಷ್ಟವಾಗಿ ಹೇಳಿದೆಯಲ್ಲವೆ ಎಂಬುದು ಮೊದಲನೆಯದು. ಹೇಳಿರುವುದು ನಿಜ. ಆದರೆ ಏಳನೆಯ ಅಧಿಕರಣದ ಕೊನೆಯ ಅಧ್ಯಾಯದಲ್ಲಿ ಸಾಮಂತರು, ಎಂದರೆ ನೆರೆಯ ಅರಸರು, ಮೂರು ಬಗೆಯವರೆಂದು ವಿಂಗಡಿಸಿದೆ: ಅರಿಭಾವದವರು, ಮಿತ್ರಭಾವದವರು, ಭೃತ್ಯಭಾವದವರು. ನೆರೆಯವರೆಲ್ಲ ಕಡ್ಡಾಯವಾಗಿ ಶತ್ರುಗಳಾಗಿದ್ದರೆ ಈ ವಿಂಗಡಣೆಗೆ ಅರ್ಥವೇ ಇರುತ್ತಿರಲಿಲ್ಲ. ಆದುದರಿಂದ ಗಡಿಯ ಹೊಂದಿಕೆಯು ವೈರದ ಸಂಭವವನ್ನು ಹೇಳುತ್ತದೆಯೇ ಹೊರತು ವೈರದ ನಿಯಮವನ್ನಲ್ಲ.

ಎರಡನೆಯ ಆಕ್ಷೇಪಣೆ ಗ್ರಂಥದ ನೈತಿಕತೆಯನ್ನು ಕುರಿತದ್ದು. ೧೯೧೯ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ಮ್ಯಾಕ್ಸ್ ವೇಬರ್ ಅವರು ಅರ್ಥಶಾಸ್ತ್ರದ ಎದುರಿಗೆ ಮೆಕಿಯಾವೆಲ್ಲಿಯ ಕೃತಿಯೇ ಸಾಧುವೆಂಬರ್ಥದ ಮಾತನ್ನಾಡಿದರು. ಗೂಢಚಾರರು, ವಿಷಪ್ರಯೋಗ, ವಂಚನೆಗಳ ಪ್ರಕರಣಗಳನ್ನು ಓದಿದವರಿಗೆ ಆ ಮಾತು ಅಕಾರಣವೆನಿಸುವುದಿಲ್ಲ. ಆ ಪ್ರಕರಣಗಳನ್ನು ಮರೆಮಾಚುವುದು ವಿಮರ್ಶಕನ ಕೆಲಸವಲ್ಲ. ಆದರೆ ಎರಡನೆಯ ಅಧಿಕರಣವನ್ನು, ಅಧ್ಯಕ್ಷರುಗಳ ಕರ್ತವ್ಯವನ್ನು ವಿವರಿಸುವ ಆ ದೀರ್ಘ ಭಾಗವನ್ನು, ಬಿಟ್ಟು ಓದಿದರೆ ಮಾತ್ರ ಗ್ರಂಥವು ವಂಚನೆಯ ಶಾಸ್ತ್ರವಾಗಿ ಕಾಣುತ್ತದೆ. ಪರದೇಶದ ಸರಕನ್ನು ತರುವವರಿಗೆ ಅನುಗ್ರಹ ತೋರಿ ಬರಮಾಡಿಕೊಳ್ಳಬೇಕೆಂದು ಪಣ್ಯಾಧ್ಯಕ್ಷನಿಗೆ ವಿಧಿಸುವ, ಉತ್ತರದ ಹಿಮವತ್ಪಥಕ್ಕಿಂತ ಶಂಖ, ವಜ್ರ, ಮುತ್ತು, ಚಿನ್ನ ಹೇರಳವಾಗಿರುವ ದಕ್ಷಿಣಾಪಥದ ವ್ಯಾಪಾರಮಾರ್ಗವೇ ಮೇಲೆಂದು ವಾದಿಸುವ ಗ್ರಂಥಕಾರನು ಬರಿಯ ತಂತ್ರಗಾರನಲ್ಲ.

ಮೂರನೆಯದು ಕಾಲ ಮತ್ತು ಕರ್ತೃತ್ವದ ಪ್ರಶ್ನೆ. ಟ್ರೌಟ್‌ಮನ್ ಅವರು ೧೯೭೧ರಲ್ಲಿ ಪ್ರಕಟಿಸಿದ ಭಾಷಾಸಂಖ್ಯಾನದ ಅಧ್ಯಯನದಿಂದ ಗ್ರಂಥದಲ್ಲಿ ಒಂದಕ್ಕಿಂತ ಹೆಚ್ಚು ಕೈಗಳಿವೆಯೆಂಬ ಅಭಿಪ್ರಾಯ ಬಲಗೊಂಡಿತು. ಓಲಿವೆಲ್ ಅವರು ೨೦೧೩ರ ಅನುವಾದದಲ್ಲಿ ಗ್ರಂಥವು ಮೌರ್ಯರಿಗಿಂತ ಈಚಿನದೆಂದು ವಾದಿಸಿದರು. ಈ ಪ್ರಶ್ನೆ ನಮ್ಮ ವಾದಕ್ಕೆ ತೊಡಕಾಗುವುದಿಲ್ಲ. ಕೈ ಒಂದಿರಲಿ ಹಲವಿರಲಿ, ನಮಗೆ ದೊರೆತಿರುವ ಗ್ರಂಥದ ಜೋಡಣೆಯಲ್ಲಿ ದ್ರವ್ಯವು ಮೊದಲು, ಮಂಡಲವು ಅನಂತರ.

೪

ಇನ್ನು ಈ ವಿಚಾರವನ್ನು ಒಂದು ಪ್ರಸಂಗಕ್ಕೆ ಒಡ್ಡಿ ನೋಡೋಣ. ೧೯೫೬ರ ಸೂಯೆಜ್ ಪ್ರಸಂಗವನ್ನು ನಾವು ಆರಿಸಿಕೊಂಡಿರುವುದಕ್ಕೆ ಕಾರಣ, ಅಲ್ಲಿ ಮೈತ್ರಿ ಮತ್ತು ಬೊಕ್ಕಸ ಒಂದಕ್ಕೊಂದು ಎದುರಾಗಿ ನಿಂತದ್ದು.

೧೯೫೬ರ ಜುಲೈ ೧೯ರಂದು ಅಮೆರಿಕವು ಅಸ್ವಾನ್ ಅಣೆಕಟ್ಟಿಗೆ ತಾನು ಕೊಡಲು ಮುಂದಾಗಿದ್ದ ನೆರವನ್ನು ಹಿಂದೆಗೆಯಿತು. ಜುಲೈ ೨೬ರಂದು ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯ ಕಂಪನಿಯನ್ನು ರಾಷ್ಟ್ರೀಕರಿಸಿದರು. ಅಕ್ಟೋಬರ್ ೨೯ರಂದು ಇಸ್ರೇಲ್ ದಾಳಿಮಾಡಿತು. ೩೧ರಂದು ಬ್ರಿಟನ್ ಮತ್ತು ಫ್ರಾನ್ಸ್ ವಿಮಾನದಾಳಿಯನ್ನು ಆರಂಭಿಸಿ, ನವೆಂಬರ್ ೫ರಂದು ಸೈನ್ಯವನ್ನಿಳಿಸಿದವು. ರಣರಂಗದಲ್ಲಿ ಅವರಿಗೆ ಸೋಲಾಗಲಿಲ್ಲ. ಆದರೂ ಮರುದಿನವೇ ಕದನ ನಿಲ್ಲಿಸಲು ಬ್ರಿಟನ್ ಒಪ್ಪಿತು. ಡಿಸೆಂಬರ್ ೨೨ರ ವೇಳೆಗೆ ಕೊನೆಯ ತುಕಡಿಗಳೂ ಹೊರಟುಹೋದವು.

ಗೆಲ್ಲುತ್ತಿದ್ದವರು ಹಿಂದೆಗೆದುದೇಕೆ? ಸೋವಿಯತ್ ಪ್ರಧಾನಿ ಬುಲ್ಗಾನಿನ್ ಅವರ ಬೆದರಿಕೆಯ ಪತ್ರವೂ ವಿಶ್ವಸಂಸ್ಥೆಯಲ್ಲಿ ಎದ್ದ ವಿರೋಧವೂ ಕಾರಣಗಳಲ್ಲಿ ಸೇರಿವೆ. ಆದರೆ ಪೂರ್ಣವಾದ ಹಿಂದೆಗೆತಕ್ಕೆ ಬ್ರಿಟನ್ನನ್ನು ಒಡಂಬಡಿಸಿದ್ದು ಮುಖ್ಯವಾಗಿ ಕೋಶದ ಸ್ಥಿತಿ. ಒಂದು ಪೌಂಡಿಗೆ ೨.೮೦ ಡಾಲರಿನ ದರವನ್ನು ಕಾಯ್ದುಕೊಳ್ಳಲು ಬ್ರಿಟನ್ ತನ್ನ ಚಿನ್ನ ಮತ್ತು ಡಾಲರುಗಳ ನಿಧಿಯನ್ನು ಬಳಸಬೇಕಾಗಿತ್ತು. ನವೆಂಬರ್ ಒಂದೇ ತಿಂಗಳಲ್ಲಿ ಆ ನಿಧಿಯಿಂದ ೨೭ ಕೋಟಿ ೯೦ ಲಕ್ಷ ಡಾಲರು ಕರಗಿಹೋಗಿ, ನಿಧಿಯು ೨೦೦ ಕೋಟಿ ಡಾಲರಿಗಿಂತ ಕೆಳಕ್ಕಿಳಿಯಿತು. ಹಡಗುಗಳನ್ನು ಮುಳುಗಿಸಿ ಕಾಲುವೆಯನ್ನು ಮುಚ್ಚಿದ್ದರಿಂದ, ಸಿರಿಯದ ಮೂಲಕ ಬರುವ ಕೊಳವೆಮಾರ್ಗವೂ ಕೆಟ್ಟದ್ದರಿಂದ, ಎಣ್ಣೆಯನ್ನು ಡಾಲರು ಕೊಟ್ಟು ಪಶ್ಚಿಮ ಗೋಳಾರ್ಧದಿಂದ ತರಿಸಬೇಕಾಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಹಣ ತೆಗೆಯಲು ಅಮೆರಿಕದ ಸಮ್ಮತಿ ಬೇಕಾಗಿತ್ತು. ಸೈನ್ಯ ಹಿಂದೆ ಸರಿಯುವ ತನಕ ಆ ಸಮ್ಮತಿ ದೊರೆಯಲಿಲ್ಲ. ಹಿಂದೆಗೆತವನ್ನು ಘೋಷಿಸಿದ ಮೇಲೆ ಡಿಸೆಂಬರಿನಲ್ಲಿ ಸುಮಾರು ೧೩೦ ಕೋಟಿ ಡಾಲರುಗಳ ಏರ್ಪಾಡು ಸಿದ್ಧವಾಯಿತು. ಫ್ರಾನ್ಸು ಅಕ್ಟೋಬರಿನಲ್ಲಿಯೇ, ದಾಳಿಗೆ ಮುನ್ನ, ಇದೇ ನಿಧಿಯಿಂದ ಸುಮಾರು ೨೬ ಕೋಟಿ ಡಾಲರುಗಳ ಏರ್ಪಾಡನ್ನು ಮಾಡಿಕೊಂಡಿತ್ತೆಂಬುದು ಇಲ್ಲಿ ಗಮನಾರ್ಹ. ಒಂದೇ ಯುದ್ಧಕ್ಕೆ ಹೊರಟ ಇಬ್ಬರಲ್ಲಿ ಒಬ್ಬನು ಬುತ್ತಿ ಕಟ್ಟಿಕೊಂಡು ಹೊರಟಿದ್ದನು, ಇನ್ನೊಬ್ಬನು ಮಿತ್ರನನ್ನು ನಂಬಿ ಹೊರಟಿದ್ದನು.

ವೃತ್ತಗಳ ಚಿತ್ರದಿಂದ ಈ ಪ್ರಸಂಗವು ಅರ್ಥವಾಗುವುದಿಲ್ಲ. ಆ ಚಿತ್ರದ ಪ್ರಕಾರ ಅಮೆರಿಕವು ಬ್ರಿಟನ್ನಿನ ಆಕ್ರಂದ, ಬೆನ್ನಿಗೆ ನಿಂತು ಕೂಗಿಗೆ ಓಗೊಡುವ ಮಿತ್ರ. ಎರಡು ಮಹಾಯುದ್ಧಗಳಲ್ಲಿ ಜೊತೆಗಾರ, ನೇಟೋ ಒಪ್ಪಂದದಲ್ಲಿ ಸಹಭಾಗಿ. ನಡೆದುದರಲ್ಲಿ ಅದು ಪಾರ್ಷ್ಣಿಗ್ರಾಹನ ಕೆಲಸವನ್ನು ಮಾಡಿತು, ಮುಂದೆ ಹೆಜ್ಜೆಯಿಟ್ಟವನ ಹಿಮ್ಮಡಿಯನ್ನು ಹಿಡಿದೆಳೆಯಿತು. ಅರವತ್ತು ದ್ರವ್ಯಪ್ರಕೃತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಪ್ರಸಂಗ ತಿಳಿಯಾಗುತ್ತದೆ. ಕೌಟಿಲ್ಯನ ಪರಿಭಾಷೆಯಲ್ಲಿ ಅಮೆರಿಕವು ಮಿತ್ರನಲ್ಲ, ಉದಾಸೀನ. ಕನ್ನಡದ ಬಳಕೆಯಲ್ಲಿ ಉದಾಸೀನವೆಂದರೆ ಅಲಕ್ಷ್ಯವೆಂದಾಗಿರುವುದರಿಂದ ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು. ಕೌಟಿಲ್ಯನ ಉದಾಸೀನನು ಅಲಕ್ಷ್ಯದವನಲ್ಲ. ಕದನದ ವಲಯದಿಂದ ಹೊರಗಿದ್ದು, ಉಳಿದವರೆಲ್ಲರಿಗಿಂತ ಬಲಶಾಲಿಯಾಗಿ, ಅವರು ಕೂಡಿದ್ದಾಗ ಆಗಲಿ ಬೇರೆಯಾಗಿದ್ದಾಗ ಆಗಲಿ ಅನುಗ್ರಹಿಸಬಲ್ಲವನು, ಬೇರೆಯಾಗಿದ್ದಾಗ ನಿಗ್ರಹಿಸಬಲ್ಲವನು. ಬ್ರಿಟನ್ ಉದಾಸೀನನನ್ನು ಆಕ್ರಂದನೆಂದು ತಪ್ಪಾಗಿ ಎಣಿಸಿತು.

ಅನಂತರದ ನಡೆಗಳೂ ಇದನ್ನೇ ಹೇಳುತ್ತವೆ. ಅದೇ ಸಂಕಟವನ್ನುಂಡ ಇಬ್ಬರು ಎರಡು ದಾರಿ ಹಿಡಿದರು. ಬ್ರಿಟನ್ ಸಂಶ್ರಯದ ಕಡೆಗೆ ವಾಲಿ ಅಮೆರಿಕದೊಡನೆ ಮತ್ತಷ್ಟು ಹೊಂದಿಕೊಂಡಿತು; ೧೯೬೨ರ ನಸೌ ಒಪ್ಪಂದದಲ್ಲಿ ತನ್ನ ಅಣ್ವಸ್ತ್ರಕ್ಕೆ ಬೇಕಾದ ಕ್ಷಿಪಣಿಗಳಿಗೂ ಅಮೆರಿಕವನ್ನು ನೆಚ್ಚಿತು. ಫ್ರಾನ್ಸ್ ೧೯೫೭ರ ಮಾರ್ಚ್ ೨೫ರಂದು ರೋಮ್ ಒಪ್ಪಂದಕ್ಕೆ ಸಹಿಮಾಡಿ ಯುರೋಪಿನ ಆರ್ಥಿಕ ಸಮುದಾಯದಲ್ಲಿ ಸೇರಿತು. ೧೯೬೬ರಲ್ಲಿ ನೇಟೋದ ಸಂಯುಕ್ತ ಸೇನಾವ್ಯವಸ್ಥೆಯಿಂದ ಹೊರಬಂದಿತು. ಸೂಯೆಜ್ ಒಂದೇ ಇದಕ್ಕೆಲ್ಲ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಅಲ್ಲಿ ಕಲಿತ ಪಾಠವು ಇಬ್ಬರ ಲೆಕ್ಕದಲ್ಲಿಯೂ ಇತ್ತೆಂಬುದು ನಿಸ್ಸಂದೇಹ.

೫

ಇಲ್ಲಿಯವರೆಗೆ ಕೌಟಿಲ್ಯನ ಪಕ್ಷವನ್ನು ಹಿಡಿದು ಬಂದೆವು. ಈಗ ಅವನು ಸಾಲದೆ ಹೋಗುವ ಸ್ಥಳವನ್ನು ತೋರಿಸಬೇಕು. ಅವನ ಕೋಶವು ಅರಸನ ಮನೆಯೊಳಗಿನದು. ಎರಡನೆಯ ಅಧಿಕರಣದಲ್ಲಿ ನೆಲಮಾಳಿಗೆಯ ಕೋಶಗೃಹವನ್ನು ಕಟ್ಟುವ ಬಗೆಯನ್ನು ವಿವರವಾಗಿ ಹೇಳಿದೆ. ಆಪತ್ಕಾಲಕ್ಕೆಂದು ಜನಪದದ ಅಂಚಿನಲ್ಲಿ ಗುಟ್ಟಾದ ನಿಧಿಯೊಂದನ್ನು ಇಡಬೇಕೆಂಬ ವಿಧಿಯೂ ಇದೆ. ಕಳ್ಳರಿಂದ, ಬೆಂಕಿಯಿಂದ, ಅಧಿಕಾರಿಗಳ ಅಪಹಾರದಿಂದ ಕೋಶವನ್ನು ಕಾಪಾಡುವ ಉಪಾಯಗಳುಂಟು. ಆದರೆ ಒಂದು ರಾಜ್ಯದ ಕೋಶವು ಇನ್ನೊಂದು ರಾಜ್ಯದ ಲೆಕ್ಕಪುಸ್ತಕದಲ್ಲಿ ಇರಬಹುದೆಂಬುದು ಅವನ ಕಲ್ಪನೆಗೆ ಬಂದಿಲ್ಲ. ಆಧುನಿಕ ರಾಷ್ಟ್ರದ ವಿದೇಶೀ ವಿನಿಮಯ ನಿಧಿಯ ದೊಡ್ಡ ಭಾಗವು ಅಂಥದು. ೨೦೨೨ರಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಪಾಶ್ಚಾತ್ಯ ರಾಷ್ಟ್ರಗಳು ತಮ್ಮಲ್ಲಿದ್ದ ರಷ್ಯದ ಸುಮಾರು ೩೦,೦೦೦ ಕೋಟಿ ಡಾಲರುಗಳ ನಿಧಿಯನ್ನು ಸ್ತಂಭಿಸಿದವು. ಸೈನ್ಯವೊಂದೂ ಗಡಿ ದಾಟದೆ ಕೋಶಕ್ಕೆ ಬೀಗ ಬಿದ್ದಿತು. ಆ ಕ್ರಮವು ನ್ಯಾಯವೇ ಅನ್ಯಾಯವೇ ಎಂಬುದು ಬೇರೆ ವಿಚಾರ. ಕೋಶದ ಸ್ಥಳವೇ ಬಲದ ಒಂದು ಅಂಶವಾಗಿದೆಯೆಂಬುದು ಇಲ್ಲಿ ಪ್ರಕೃತ.

ವ್ಯಾಪಾರದ ವಿಷಯದಲ್ಲಿಯೂ ಇಂಥದೇ ಕೊರತೆಯಿದೆ. ಕೌಟಿಲ್ಯನು ವಣಿಕ್ಪಥವನ್ನು ಲಾಭದ ಮೂಲವೆಂದು ಬಲ್ಲನು. ಆ ಲಾಭವೇ ಪರಾಧೀನತೆಯ ಹಗ್ಗವಾಗುವುದನ್ನು ಅವನು ವಿವೇಚಿಸಲಿಲ್ಲ. ಆ ಕೆಲಸವನ್ನು ಮಾಡಿದವರು ಆಲ್ಬರ್ಟ್ ಹರ್ಷ್‌ಮನ್. ೧೯೩೩ರಲ್ಲಿ ಜರ್ಮನಿಯನ್ನು ಬಿಟ್ಟು ಹೊರಟ ಈ ಅರ್ಥಶಾಸ್ತ್ರಜ್ಞರು, ರಾಷ್ಟ್ರಬಲ ಮತ್ತು ವಿದೇಶೀ ವ್ಯಾಪಾರದ ರಚನೆಯನ್ನು ಕುರಿತ ತಮ್ಮ ಗ್ರಂಥವನ್ನು ೧೯೪೫ರಲ್ಲಿ ಪ್ರಕಟಿಸಿದರು. ವ್ಯಾಪಾರದಿಂದ ಬಲಕ್ಕೆ ಎರಡು ದಾರಿಗಳುಂಟೆಂಬುದು ಅವರ ವಾದ. ಬೇಕಾದ ವಸ್ತುಗಳು ಒದಗಿ ಸೈನ್ಯಕ್ಕೆ ಪುಷ್ಟಿ ಬರುವುದು ಒಂದು. ಇದು ಕೌಟಿಲ್ಯನಿಗೂ ತಿಳಿದದ್ದೇ. ವ್ಯಾಪಾರವನ್ನು ನಿಲ್ಲಿಸಬಲ್ಲೆನೆಂಬ ಶಕ್ತಿಯಿಂದ ಎದುರಿನವನ ಮೇಲೆ ಹಿಡಿತ ದೊರೆಯುವುದು ಇನ್ನೊಂದು. ಒಬ್ಬನಿಗೆ ಈ ವ್ಯಾಪಾರವು ತನ್ನ ಒಟ್ಟು ವ್ಯಾಪಾರದಲ್ಲಿ ಅಲ್ಪಭಾಗವಾಗಿ ಇನ್ನೊಬ್ಬನಿಗೆ ಅರ್ಧಭಾಗವಾದರೆ, ಮೊದಲನೆಯವನ ಮುನಿಸು ಎರಡನೆಯವನಿಗೆ ಕ್ಷಾಮವಾಗುತ್ತದೆ. ೧೯೩೪ರಲ್ಲಿ ಷಾಖ್ಟ್ ಅವರ ನೂತನ ಯೋಜನೆಯೊಡನೆ ಜರ್ಮನಿಯು ಆಗ್ನೇಯ ಯುರೋಪಿನಲ್ಲಿ ನಡೆಸಿದ್ದು ಇದನ್ನೇ. ಬಲ್ಗೇರಿಯ, ಹಂಗೇರಿ, ರೊಮೇನಿಯ, ಯುಗೋಸ್ಲಾವಿಯಗಳ ರೈತರ ಬೆಳೆಯನ್ನು ಒಳ್ಳೆಯ ಬೆಲೆಗೆ ಕೊಂಡು, ಹಣವನ್ನು ಕೈಗೆ ಕೊಡದೆ ಬರ್ಲಿನ್ನಿನ ಲೆಕ್ಕದಲ್ಲಿ ಜಮಾ ಮಾಡಿ, ಅದನ್ನು ಜರ್ಮನಿಯ ಸರಕಿಗಾಗಿ ಮಾತ್ರ ಬಳಸುವಂತೆ ಕಟ್ಟುಹಾಕಿತು. ಬಲ್ಗೇರಿಯದ ರಫ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಜರ್ಮನಿಗೆ ಹೋಗುವಂತಾಯಿತು. ಜರ್ಮನಿಗೆ ಬಲ್ಗೇರಿಯದ ವ್ಯಾಪಾರವು ಅತ್ಯಲ್ಪವಾಗಿಯೇ ಉಳಿಯಿತು. ೧೯೪೦ರ ನವೆಂಬರಿನಲ್ಲಿ ಹಂಗೇರಿ ಮತ್ತು ರೊಮೇನಿಯ, ೧೯೪೧ರ ಮಾರ್ಚಿನಲ್ಲಿ ಬಲ್ಗೇರಿಯ ಜರ್ಮನಿಯ ಕೂಟವನ್ನು ಸೇರಿದವು.

ಆದರೆ ಇಲ್ಲಿಯೇ ನಾವು ಎಚ್ಚರವಹಿಸಬೇಕು. ಅದೇ ೧೯೪೧ರ ಮಾರ್ಚ್ ೨೫ರಂದು ಯುಗೋಸ್ಲಾವಿಯದ ಸರ್ಕಾರವೂ ಕೂಟಕ್ಕೆ ಸಹಿ ಹಾಕಿತು. ಎರಡೇ ದಿನಗಳಲ್ಲಿ ಬೆಲ್‌ಗ್ರೇಡಿನಲ್ಲಿ ಕ್ರಾಂತಿಯಾಗಿ ಆ ಸರ್ಕಾರ ಉರುಳಿತು. ವ್ಯಾಪಾರದ ಕಟ್ಟು ಜನರ ಮನಸ್ಸನ್ನು ಕಟ್ಟಲಿಲ್ಲ. ಪುನಃ ೧೯೪೮ರಲ್ಲಿ ಅದೇ ದೇಶ, ತನ್ನ ವ್ಯಾಪಾರವು ಸೋವಿಯತ್ ಬಣಕ್ಕೆ ಹೆಣೆದುಕೊಂಡಿದ್ದಾಗಲೂ ಸ್ಟಾಲಿನ್ನರಿಗೆ ಎದುರುನಿಂತು ಆ ಬಣದಿಂದ ಹೊರಗಾಯಿತು. ಹರ್ಷ್‌ಮನ್ ಅವರೂ ಮುಂದೆ ೧೯೭೮ರಲ್ಲಿ ತಮ್ಮ ಗ್ರಂಥವನ್ನು ತಾವೇ ವಿಮರ್ಶಿಸುತ್ತ, ಬಲಿಷ್ಠ ರಾಷ್ಟ್ರಕ್ಕೆ ಹಲವು ಕಡೆ ಗಮನ ಹರಿದಿರುವುದರಿಂದ, ಬಿಡುಗಡೆಯೊಂದನ್ನೇ ಧ್ಯಾನಿಸುವ ಚಿಕ್ಕ ರಾಷ್ಟ್ರವು ಅವಲಂಬನೆಯಿಂದ ಬಿಡಿಸಿಕೊಳ್ಳುವ ಸಂಭವವುಂಟೆಂದು ಒಪ್ಪಿದರು. ಕೌಟಿಲ್ಯನೂ ಕೋಶದಂಡಗಳ ಪ್ರಭುಶಕ್ತಿಯೊಂದನ್ನೇ ಹೇಳದೆ, ಅದಕ್ಕಿಂತ ಮೇಲಾದದ್ದಾಗಿ ಮಂತ್ರಶಕ್ತಿಯನ್ನು, ಎಂದರೆ ವಿವೇಚನೆಯ ಬಲವನ್ನು, ಹೇಳಿದ್ದಾನೆ. ಹಾಗಾದರೆ ದ್ರವ್ಯಪ್ರಕೃತಿಗಳು ಮಿತ್ರನನ್ನು ನಿಶ್ಚಯಿಸುವುದಿಲ್ಲ. ಮಿತ್ರನನ್ನು ಬದಲಿಸುವುದರ ಬೆಲೆಯನ್ನು ನಿಶ್ಚಯಿಸುತ್ತವೆ. ಬೆಲೆ ತೆರಲು ಸಿದ್ಧರಾದವರು ಬದಲಿಸಬಹುದು. ಬೆಲೆಯೆಷ್ಟೆಂದು ತಿಳಿಯದೆ ಬದಲಿಸಲು ಹೊರಟವರು ಸೂಯೆಜ್‌ನಿಂದ ಹಿಂದಿರುಗುತ್ತಾರೆ.

೬

ಈ ಮಾತು ನಮ್ಮ ದೇಶದ ಅನುಭವಕ್ಕೂ ಸಲ್ಲುತ್ತದೆ. ೧೯೫೬ರ ಆಗಸ್ಟಿನಲ್ಲಿ ಭಾರತವು ಅಮೆರಿಕದೊಡನೆ ಪಿ.ಎಲ್. ೪೮೦ ಒಪ್ಪಂದವನ್ನು ಮಾಡಿಕೊಂಡು, ರೂಪಾಯಿ ಕೊಟ್ಟು ಗೋಧಿಯನ್ನು ತರಿಸತೊಡಗಿತು. ಡಾಲರಿನ ಅಭಾವವಿದ್ದ ದೇಶಕ್ಕೆ ಅದು ಅನುಕೂಲವಾಗಿಯೇ ಕಂಡಿತು. ೧೯೬೫-೬೬ರಲ್ಲಿ ಮಳೆ ತಪ್ಪಿತು. ೧೯೬೬ರಲ್ಲಿ ಹೊರಗಿನಿಂದ ಬಂದ ಆಹಾರಧಾನ್ಯ ಒಂದು ಕೋಟಿ ಟನ್ನುಗಳನ್ನು ಮೀರಿತು. ಆ ಹೊತ್ತಿನಲ್ಲಿಯೇ ಅಧ್ಯಕ್ಷ ಜಾನ್‌ಸನ್ ಧಾನ್ಯದ ಹಡಗುಗಳನ್ನು ಅಲ್ಪಾವಧಿಯ ಮಂಜೂರಾತಿಗಳ ಮೇಲೆ ಬಿಡುವ ನೀತಿಯನ್ನು ಹಿಡಿದರು. ವಿಯೆಟ್ನಾಂ ಯುದ್ಧವನ್ನು ಕುರಿತು ಭಾರತವಾಡಿದ ಟೀಕೆ ಅವರಿಗೆ ಹಿಡಿಸಿರಲಿಲ್ಲ. ೧೯೬೬ರ ಜೂನ್ ೬ರಂದು ರೂಪಾಯಿಯ ಬೆಲೆಯನ್ನಿಳಿಸಲಾಯಿತು, ಡಾಲರೊಂದಕ್ಕೆ ೪.೭೬ ರೂಪಾಯಿಗಳಿದ್ದುದು ೭.೫೦ ಆಯಿತು. ಅಲಿಪ್ತನೀತಿಯನ್ನು ಸಾರುವ ಮಾತಿಗೂ ಬರುವ ತಿಂಗಳ ಪಡಿತರಕ್ಕೂ ನಡುವೆ ಅಂತರ ಎಷ್ಟು ಕಿರಿದಾಗಬಹುದೆಂಬುದನ್ನು ಆ ವರ್ಷ ಕಂಡವರು ಮರೆಯಲಿಲ್ಲ.

ಅನಂತರದ ಐದು ವರ್ಷಗಳಲ್ಲಿ ನಡೆದ ಮುಖ್ಯ ಕಾರ್ಯ ರಾಯಭಾರ ಕಚೇರಿಗಳಲ್ಲಿ ನಡೆದುದಲ್ಲ, ಹೊಲಗಳಲ್ಲಿ. ಹೊಸ ತಳಿಯ ಬೀಜ, ನೀರು, ಗೊಬ್ಬರ, ಬೆಂಬಲ ಬೆಲೆಗಳಿಂದ ಗೋಧಿಯ ಉತ್ಪನ್ನ ೧೯೬೪-೬೫ರಲ್ಲಿ ಸುಮಾರು ೧ ಕೋಟಿ ೨೩ ಲಕ್ಷ ಟನ್ನಿದ್ದುದು ೧೯೭೦-೭೧ರಲ್ಲಿ ಸುಮಾರು ೨ ಕೋಟಿ ೩೮ ಲಕ್ಷ ಟನ್ನಿಗೆ ಏರಿತು. ಆಹಾರಧಾನ್ಯದ ಆಮದು ೧೯೭೧ರಲ್ಲಿ ೨೦ ಲಕ್ಷ ಟನ್ನುಗಳ ಸುತ್ತಮುತ್ತಿಗೆ ಇಳಿಯಿತು. ೧೯೭೧ರ ಜುಲೈಯಲ್ಲಿ ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಪೀಕಿಂಗಿಗೆ ಹೋಗಿಬಂದು ಏಷ್ಯದ ಬಣಗಳೆಲ್ಲ ಕದಲಿದಾಗ, ಆಗಸ್ಟ್ ೯ರಂದು ಭಾರತವು ಸೋವಿಯತ್ ಒಕ್ಕೂಟದೊಡನೆ ಶಾಂತಿ, ಸ್ನೇಹ, ಸಹಕಾರದ ಒಪ್ಪಂದಕ್ಕೆ ಸಹಿಮಾಡಿತು. ಇದನ್ನು ಶತ್ರುವಿನ ಶತ್ರು ಮಿತ್ರನೆಂಬ ಸೂತ್ರಕ್ಕೆ ಉದಾಹರಣೆಯಾಗಿ ಕೊಡುವುದು ರೂಢಿ. ಅದು ಸುಳ್ಳಲ್ಲ. ಆದರೆ ಡಿಸೆಂಬರಿನ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಬಂಗಾಳ ಕೊಲ್ಲಿಯನ್ನು ಹೊಕ್ಕಾಗಲೂ ಭಾರತ ಅಳುಕದಿದ್ದುದಕ್ಕೆ ಆ ಸೂತ್ರವೊಂದೇ ಕಾರಣವೆನ್ನುವುದು ಅರ್ಧಸತ್ಯ. ಐದು ವರ್ಷಗಳ ಹಿಂದಿನಂತೆ ತಿಂಗಳುತಿಂಗಳಿನ ಹಡಗನ್ನು ಕಾಯುವ ಸ್ಥಿತಿಯಿದ್ದರೆ ಆ ಒಪ್ಪಂದದ ಬೆಲೆ ಎಷ್ಟಾಗುತ್ತಿತ್ತೆಂದು ಯಾರಾದರೂ ಊಹಿಸಬಹುದು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ೧೯೯೧ರಲ್ಲಿ ವಿದೇಶೀ ವಿನಿಮಯ ನಿಧಿ ಬರಿದಾಗುತ್ತ ಬಂದು, ಜುಲೈ ತಿಂಗಳಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು ೪೭ ಟನ್ ಚಿನ್ನವನ್ನು ಹೊರದೇಶಕ್ಕೆ ಒತ್ತೆಯಾಗಿ ಕಳುಹಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವು ಇಲ್ಲವಾಯಿತು. ಒಂದೇ ವರ್ಷದಲ್ಲಿ ಹಿರಣ್ಯವೂ ಹೋಯಿತು, ಮಿತ್ರನೂ ಹೋದನು. ಉಳಿದದ್ದು ಭೂಮಿ, ಎಂದರೆ ಜನಪದ. ಮಿತ್ರ, ಹಿರಣ್ಯ, 
ಭೂಮಿಗಳಲ್ಲಿ ಮುಂದುಮುಂದಿನದು ಮೇಲೆಂಬ ಏಳನೆಯ ಅಧಿಕರಣದ ಮಾತಿಗೆ ಇದಕ್ಕಿಂತ ಕಠಿಣವಾದ ವ್ಯಾಖ್ಯಾನವನ್ನು ನಾವು ಕಂಡಿಲ್ಲ.

೭

ಒಟ್ಟಿನಲ್ಲಿ ನಮ್ಮ ನಿರ್ಣಯವಿದು. ಮಂಡಲ ವಿಚಾರವು ಭೂಗೋಳದ ಚಿತ್ರವಲ್ಲ. ಅದು ರಾಜ್ಯಗಳ ಏರಿಳಿತವನ್ನು ಅಳೆಯುವ ಒಂದು ಲೆಕ್ಕ. ಆ ಲೆಕ್ಕದಲ್ಲಿ ಮಿತ್ರನು ಕೊನೆಗೆ ಬರುವ ಮೊತ್ತವೇ ಹೊರತು ಮೊದಲ ಅಂಕಿಯಲ್ಲ. ಲೆಕ್ಕದ ಕ್ರಮ ಇಂದಿಗೂ ಸಲ್ಲುತ್ತದೆ. ಆದರೆ ಕೋಶವು ದುರ್ಗದೊಳಗಿದೆಯೆಂಬ ಅದರ ನಂಬಿಕೆ ಇಂದು ಸಲ್ಲದು. ಯಾರ ಲೆಕ್ಕಪುಸ್ತಕದಲ್ಲಿ ನಮ್ಮ ನಿಧಿಯಿದೆ, ಯಾರ ಬಂದರಿನಿಂದ ನಮ್ಮ ಎಣ್ಣೆ ಬರುತ್ತದೆ, ಯಾರ ಮಾರುಕಟ್ಟೆಯನ್ನು ನಮ್ಮ ರೈತನೂ ನೇಕಾರನೂ ನೆಚ್ಚಿದ್ದಾರೆ ಎಂಬುದನ್ನೂ ಆ ಅರವತ್ತರ ಜೊತೆಗೆ ಎಣಿಸಬೇಕಾಗಿದೆ. ಇನ್ನೊಂದು ಮಾತು. ಕೌಟಿಲ್ಯನಲ್ಲಿ ಈ ಲೆಕ್ಕವನ್ನು ಮಾಡುವವನು ವಿಜಿಗೀಷುವಾದ ಅರಸನೊಬ್ಬನೇ. ಜನಪದವು ಅಲ್ಲಿ ಎಣಿಕೆಗೆ ಸಿಕ್ಕುವ ವಸ್ತು, ಎಣಿಸುವ ಕರ್ತೃವಲ್ಲ. ಪ್ರಜಾಪ್ರಭುತ್ವದಲ್ಲಿ ಜನಪದವೇ ಕರ್ತೃ. ಆದುದರಿಂದಲೇ ಈ ಲೆಕ್ಕವು ಮಂತ್ರಿಗಳ ಕೊಠಡಿಯಲ್ಲಿ ಮಾತ್ರವಲ್ಲದೆ ನಮ್ಮ ತರಗತಿಗಳಲ್ಲಿಯೂ ನಡೆಯಬೇಕಾಗಿದೆ. ಬರಗಾಲದಲ್ಲಿ ಪಡಿತರದ ಸಾಲಿನಲ್ಲಿ ನಿಲ್ಲುವವರು ಅರಸರಲ್ಲ.

ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ಸೂಚನೆಯಿದೆ. ಮಂಡಲವನ್ನು ಬರೆದು ಹನ್ನೆರಡು ರಾಜರನ್ನು ಹೆಸರಿಸಿ ಎಂಬ ಪ್ರಶ್ನೆಯನ್ನು ಇನ್ನು ಬಿಡಬಹುದು. ಯಾವುದಾದರೊಂದು ಒಪ್ಪಂದವನ್ನು ಕೊಟ್ಟು, ಸಹಿ ಹಾಕಿದ ದಿನ ಆ ಎರಡು ರಾಷ್ಟ್ರಗಳ ಕಣಜ, ಬೊಕ್ಕಸ, ವ್ಯಾಪಾರಗಳು ಹೇಗಿದ್ದವು, ಹತ್ತು ವರ್ಷಗಳ ಅನಂತರ ಹೇಗಾದವು, ಅಷ್ಟರಲ್ಲಿ ಆ ಸ್ನೇಹವೇನಾಯಿತು ಎಂದು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಬರೆಯುವ ವಿದ್ಯಾರ್ಥಿಯು ವೃತ್ತಗಳನ್ನು ಬರೆಯದಿದ್ದರೂ, ಶಾಮಶಾಸ್ತ್ರಿಗಳು ತಾಳೆಗರಿಯಿಂದ ಎತ್ತಿಕೊಟ್ಟ ಗ್ರಂಥವನ್ನು ಓದಿದವನೆಂದು ನಾವು ತಿಳಿಯಬಹುದು.